ಮಳೆನಾಡಿನಲ್ಲಿ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪರಿಸರಕ್ಕೆ ಭಾರವಾಗದ ಮನೆಯನ್ನು ಕಟ್ಟುವುದು ಹೇಗೆಂದು ಕೇಳಿ ಶಿವಮೊಗ್ಗ ಜಿಲ್ಲೆಯ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಏಕೆಂದರೆ ಮಲೆನಾಡಿನಲ್ಲಿ ಊರು ಯಾವುದೆಂದು ತಿಳಿಯದೆ ಮನೆಯ ಬಗ್ಗೆ ಸಲಹೆ ಕೊಡಲು ಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿಂದ ನೂರು ಕಿಲೋಮೀಟರಿನೊಳಗಿರುವ ಶಿವಮೊಗ್ಗ ನಗರದಲ್ಲಿ ಅದರ ಕಾಲುಭಾಗವೂ ಆಗುವುದಿಲ್ಲ. ಜಿಲ್ಲೆ ಒಂದೇ ಆದರೂ ಎರಡು ಊರಿಗೂ ಒಂದೇ ನಕ್ಷೆ ಹೊಂದುವುದಿಲ್ಲ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮಣ್ಣಿನ ಗೋಡೆಯ ಹಂಚಿನ ಮನೆ, ಎಪ್ಪತ್ತು ವರ್ಷಗಳಾಗಿವೆ. ಹನ್ನೆರಡು ವರ್ಷಗಳ ಹಿಂದೆ ಹೊರಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿಸಿದೆವು. ಈಗ ಮಳೆಗಾಲದಲ್ಲಿ ಗೋಡೆಯ ಬುಡ ಒದ್ದೆಯಾಗಿ ಒಳಗೆಲ್ಲ ಬೂಷ್ಟು ಹಿಡಿಯುತ್ತಿದೆ, ಪಶ್ಚಿಮದ ಗೋಡೆಯಲ್ಲಿ ಗಿಲಾವು ಉಬ್ಬಿದೆ. ಮನೆಯನ್ನು ಕೆಡವಿ ಆರ್‌ಸಿಸಿ ಕಟ್ಟೋಣವೆಂದು ಮಗ ಹೇಳುತ್ತಾನೆ. ಏನು ಮಾಡಲಿ? — ತೀರ್ಥಹಳ್ಳಿ ತಾಲೂಕು

ಉತ್ತರ: ದಯವಿಟ್ಟು ಈ ವರ್ಷವೇ ಕೆಡವಬೇಡಿ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ರೋಗ ಇರುವುದು ಮಣ್ಣಿನಲ್ಲಲ್ಲ, ಅದರ ಮೇಲೆ ಹೊದಿಸಿದ ಸಿಮೆಂಟಿನಲ್ಲಿ. ಮಣ್ಣಿನ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಅದನ್ನು ಹೊರಗೆ ಬಿಡುತ್ತದೆ. ಸುಣ್ಣದ ಗಾರೆಯಾಗಲಿ, ಸಗಣಿ ಬೆರೆಸಿದ ಮಣ್ಣಿನ ಸಾರಣೆಯಾಗಲಿ ಈ ಓಡಾಟಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟ್ ಗಿಲಾವು ಅಡ್ಡ ಬರುತ್ತದೆ. ಬುಡದಿಂದ ಏರಿದ ನೀರು, ಕೂದಲೆಳೆಯಷ್ಟು ಸಣ್ಣ ಬಿರುಕುಗಳಿಂದ ಇಳಿದ ನೀರು, ಎರಡೂ ಒಳಗೇ ಉಳಿಯುತ್ತವೆ; ಒದ್ದೆಯಾದ ಮಣ್ಣಿಗೆ ಒಣಮಣ್ಣಿನ ಬಲವಿರುವುದಿಲ್ಲ.

ಸಾಗರ ತಾಲೂಕಿನಲ್ಲಿ ಇಂಥದೇ ಒಂದು ಮನೆಯನ್ನು ಕಳೆದ ವರ್ಷ ನೋಡಲು ಹೋಗಿದ್ದೆ. ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿದಾಗ ಟೊಳ್ಳು ಮಡಕೆಯ ಸದ್ದು ಬಂತು. ಮೇಸ್ತ್ರಿ ಉಳಿಯ ತುದಿಯಿಂದ ಮೆಲ್ಲನೆ ಮೀಟಿದೊಡನೆ ಅಂಗೈ ಅಗಲದ ಹಳಕು ಕಳಚಿ ಬಂತು. ಅದರ ಹಿಂದಿನ ಮಣ್ಣು ಕಲಸಿಟ್ಟ ರಾಗಿ ಹಿಟ್ಟಿನಂತಿದ್ದು, ತೋರುಬೆರಳು ಎರಡನೇ ಗೆಣ್ಣಿನವರೆಗೂ ಸಲೀಸಾಗಿ ಇಳಿಯಿತು. ಅದೇ ಮನೆಯ ಉತ್ತರದ ಗೋಡೆಗೆ, ದುಡ್ಡು ಸಾಲದೆ, ಸಿಮೆಂಟ್ ಹಚ್ಚಿರಲಿಲ್ಲ. ಅದೇ ಮಣ್ಣು, ಅದೇ ವರ್ಷ ಇಟ್ಟ ಗೋಡೆ. ಹಳೆಯ ಸುಣ್ಣದ ಪದರುಗಳ ಕೆಳಗೆ ಅದು ಗಟ್ಟಿಯಾಗಿ ಒಣಗಿ ನಿಂತಿತ್ತು.

ಕೆಲಸವನ್ನು ಗೋಡೆಯಿಂದ ಆರಂಭಿಸಬೇಡಿ, ಅಂಗಳದಿಂದ ಆರಂಭಿಸಿ. ಹಳೆಯ ಮನೆಗಳ ಸುತ್ತ ವರ್ಷವರ್ಷವೂ ಮಣ್ಣು ಸೇರಿ ಅಂಗಳ ಏರಿರುತ್ತದೆ. ಅಜ್ಜನ ಕಾಲದಲ್ಲಿ ಮೊಣಕಾಲೆತ್ತರವಿದ್ದ ಅಡಿಪಾಯ ಈಗ ಗೇಣುದ್ದ ಮಾತ್ರ ಕಾಣುತ್ತಿರಬಹುದು. ಆ ಮಣ್ಣನ್ನು ತೆಗೆಸಿ, ನೀರು ಮನೆಯಿಂದ ದೂರ ಸರಿಯುವಂತೆ ಇಳಿಜಾರು ಮಾಡಿಸಿ, ಸೂರಿನ ನೀರು ಬೀಳುವ ಜಾಗದಲ್ಲಿ ಜಲ್ಲಿ ಹಾಸಿದ ಚರಂಡಿ ತೋಡಿಸಿ. ಎರಡನೆಯ ಕೆಲಸ ಮಾಡಿನದು, ಅಂದರೆ ಮನೆಯ ಚಾವಣಿಯದು. ಮೊದಲ ಜೋರು ಮಳೆ ಬಂದು ಹೋದ ಮೇಲೆ ಹೊರಗೋಡೆಯ ಬುಡವನ್ನು ಗಮನಿಸಿ: ಕೆಂಪು ಕೆಸರಿನ ಚುಕ್ಕೆಗಳು ಎಷ್ಟು ಎತ್ತರದವರೆಗೆ ಹಾರಿವೆಯೋ ಅಷ್ಟು ಎತ್ತರದವರೆಗೆ ಗೋಡೆಗೆ ಅಪಾಯವಿದೆಯೆಂದು ತಿಳಿಯಬೇಕು. ಮಾಡಿನ ಅಂಚು ಗೋಡೆಯಿಂದ ಕನಿಷ್ಠ ಮೂರು ಅಡಿ ಹೊರಚಾಚಿರಬೇಕು. ಗಾಳಿಮಳೆ ಬಡಿಯುವ ಪಶ್ಚಿಮದ ಕಡೆ ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ಹಿಂದೆ ಆ ಕಡೆಗೆ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿಗಳನ್ನು ಕಟ್ಟುತ್ತಿದ್ದರು. ನಟ್ಟಿ ಗದ್ದೆಗೆ ಇಳಿಯುವವರು ಬಿದಿರು, ಎಲೆಗಳ ಮಳೆಹೊದಿಕೆಯಾದ ಗೊರಬು ಹಾಕಿಕೊಂಡೇ ಇಳಿಯುತ್ತಿದ್ದಂತೆ, ಈ ನಾಡಿನ ಮನೆಗೆ ಮಾಡೇ ಗೊರಬು. ಅದು ಗಿಡ್ಡವಾದರೆ ಗೋಡೆ ಯಾವುದರದ್ದಾದರೂ ನೆನೆಯುತ್ತದೆ.

ಇವೆರಡು ಮುಗಿದ ಮೇಲೆ, ದೀಪಾವಳಿ ಕಳೆದು ಬಿಸಿಲು ನಿಂತಾಗ, ಸಿಮೆಂಟ್ ಗಿಲಾವನ್ನು ಒಮ್ಮೆಗೇ ಅಲ್ಲ, ಎರಡು ಮೂರು ಅಡಿಗಳ ಭಾಗಗಳಾಗಿ ತೆಗೆಸಿ. ಗೋಡೆ ಒಂದು ತಿಂಗಳಾದರೂ ಆರಲಿ. ಕರಗಿಹೋದ ಕಡೆ ಅದೇ ಜಾಗದ ಮಣ್ಣನ್ನು ಕಲಸಿ ತುಂಬಿಸಿ, ಆಮೇಲೆ ಸುಣ್ಣದ ಗಾರೆ ಮಾಡಿಸಿ. ಗೋಡೆ ಓಲಿದ್ದರೆ, ಅಥವಾ ಮೇಲಿನಿಂದ ಕೆಳಗಿನವರೆಗೆ ಆರಪಾರವಾದ ಬಿರುಕಿದ್ದರೆ, ನನ್ನ ಮಾತನ್ನು ಪಕ್ಕಕ್ಕಿಟ್ಟು ಸಿವಿಲ್ ಎಂಜಿನಿಯರೊಬ್ಬರನ್ನು ಕರೆಸಿ ತೋರಿಸಿ.

ನಿಮ್ಮ ಮಗನ ಮಾತಿನಲ್ಲಿಯೂ ನ್ಯಾಯವಿದೆ. ಹಳೆಯ ಮನೆಯ ಕತ್ತಲೆ, ಮಾಡಿನಿಂದ ಉದುರುವ ಧೂಳು, ರಾತ್ರಿ ಮಳೆಯಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗುವ ಕಷ್ಟ, ಇವುಗಳ ನಡುವೆ ಈಗಿನವರು ಬಾಳಬೇಕೆಂದು ಹೇಳುವುದು ಸರಿಯಲ್ಲ. ನಾಲ್ಕಾರು ಗಾಜಿನ ಹಂಚುಗಳು ಕತ್ತಲೆಯನ್ನು ನೀಗಿಸುತ್ತವೆ. ಹಲಗೆಯ ಮುಚ್ಚಿಗೆ ಧೂಳನ್ನು ತಡೆಯುತ್ತದೆ. ಬಚ್ಚಲು ಮತ್ತು ಶೌಚಾಲಯಗಳನ್ನು ಮಣ್ಣಿನ ಗೋಡೆಯೊಳಗೆ ಪೈಪು ತೂರಿಸಿ ಮಾಡಿಸಬೇಡಿ. ಮನೆಗೆ ಹೊಂದಿಕೊಂಡಂತೆ ಕಲ್ಲಿನ ಪ್ರತ್ಯೇಕ ಕೋಣೆ ಕಟ್ಟಿಸಿ, ನಡುವೆ ಬಾಗಿಲು ಇಡಿಸಿ. ನಿಮ್ಮ ಮನೆಯ ತೊಲೆ, ಕಂಬ, ಗೋಡೆಗಳಿಗೆ ಖರ್ಚಾಗಬೇಕಾದ ಮರ, ಶ್ರಮ, ಇಂಧನ ಎಲ್ಲವೂ ಎಪ್ಪತ್ತು ವರ್ಷಗಳ ಹಿಂದೆಯೇ ಖರ್ಚಾಗಿವೆ. ಹೊಸ ಮನೆ ಎಷ್ಟೇ ಪರಿಸರಸ್ನೇಹಿಯಾದರೂ ಆ ಖರ್ಚನ್ನು ಮತ್ತೆ ಮೊದಲಿನಿಂದ ಕೇಳುತ್ತದೆ.

ಪ್ರಶ್ನೆ: 1,200 ಚದರಡಿಯ ಹೊಸ ಮನೆ ಕಟ್ಟಲಿದ್ದೇವೆ. ಜಂಬಿಟ್ಟಿಗೆ, ಸುಟ್ಟ ಇಟ್ಟಿಗೆ, ಸಿಮೆಂಟ್ ಬ್ಲಾಕ್, ಮಣ್ಣಿನ ಬ್ಲಾಕ್ ಇವುಗಳಲ್ಲಿ ಪರಿಸರಕ್ಕೆ ಯಾವುದು ಒಳ್ಳೆಯದು? — ಸಾಗರ

ಉತ್ತರ: ವಸ್ತುವನ್ನು ತಯಾರಿಸಲು ಎಷ್ಟು ಬೆಂಕಿ ಬೇಕಾಯಿತು, ಅದು ಎಷ್ಟು ದೂರದಿಂದ ಲಾರಿಯೇರಿ ಬಂತು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಉತ್ತರ ಬಹುಮಟ್ಟಿಗೆ ಸಿಗುತ್ತದೆ. ಸಿಮೆಂಟ್ ತಯಾರಿಸಲು ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಸುಡುವ ಇಂಧನದಿಂದ ಇಂಗಾಲದ ಡೈಆಕ್ಸೈಡ್ ಬರುವುದಲ್ಲದೆ, ಕಾದ ಸುಣ್ಣಕಲ್ಲೇ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ಉದ್ಯಮದ್ದು. ಇಟ್ಟಿಗೆಯ ಭಟ್ಟಿಗೂ ಕಟ್ಟಿಗೆ ಅಥವಾ ಕಲ್ಲಿದ್ದಲು ಬೇಕು.

ಜಂಬಿಟ್ಟಿಗೆ ಎಂಬ ಕೆಂಪುಕಲ್ಲಿಗೆ ಬೆಂಕಿಯೇ ಬೇಡ. ನೆಲದಿಂದ ಕಡಿದು ತೆಗೆಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಇದರ ಗುಣ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟದ್ದು ಲ್ಯಾಟಿನ್ ಭಾಷೆಯ ‘ಇಟ್ಟಿಗೆ’ ಎಂಬ ಪದದಿಂದ. ನಮ್ಮವರ ಜಂಬಿಟ್ಟಿಗೆಯಲ್ಲಿಯೂ ಅದೇ ಇಟ್ಟಿಗೆ ಇರುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆದರೆ ಬೆಂಕಿ ಬೇಡವೆಂದ ಮಾತ್ರಕ್ಕೆ ಈ ಕಲ್ಲು ನಿರ್ದೋಷಿಯಲ್ಲ. ಹುಲ್ಲು ಬೆಳೆಯುವ ಬ್ಯಾಣಗಳಲ್ಲಿಯೂ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಗಳ ಅಂಚಿನಲ್ಲಿಯೂ ಕಲ್ಲು ತೆಗೆದು ಹಾಗೆಯೇ ಬಿಟ್ಟ ಹೊಂಡಗಳನ್ನು ನೀವೂ ನೋಡಿರುತ್ತೀರಿ. ಮೇಲ್ಮಣ್ಣು ಹೋದ ಆ ನೆಲದಲ್ಲಿ ಹುಲ್ಲು ಸಹ ಸರಿಯಾಗಿ ಹುಟ್ಟುವುದಿಲ್ಲ, ಮಳೆಗಾಲದಲ್ಲಿ ನೀರು ತುಂಬಿದ ಹೊಂಡ ಮಕ್ಕಳಿಗೂ ದನಕರುಗಳಿಗೂ ಅಪಾಯಕಾರಿ. ಪರವಾನಗಿ ಇರುವ ಕಲ್ಲುಕೋರೆಯಿಂದ ಮಾತ್ರ ಕೊಳ್ಳಿ, ಹೊಂಡವನ್ನು ಮುಂದೇನು ಮಾಡುತ್ತಾರೆಂದು ಕೇಳಿ. ಕೊಳ್ಳುವಾಗ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ಣೆಂದರೆ ಒಳ್ಳೆಯದು, ಬಿಳಿಯ ಶೇಡಿಮಣ್ಣಿನ ಗೂಡುಗಳಿದ್ದರೆ ಬೇಡ.

ಮಣ್ಣಿನ ಬ್ಲಾಕಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಇದು ನಮ್ಮ ರಾಜ್ಯದಲ್ಲಿಯೇ ಪಳಗಿದ ವಿದ್ಯೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ಅಸ್ತ್ರ ಎಂಬ ಕೇಂದ್ರ ಆರಂಭವಾಯಿತು. ಹೊಗೆ ತಗ್ಗಿಸಿದ ಅಸ್ತ್ರ ಒಲೆಯಿಂದಾಗಿ ಹಳ್ಳಿಯ ಹಿರಿಯರಿಗೆ ಈ ಹೆಸರು ಇಂದಿಗೂ ನೆನಪಿದೆ. ಅದೇ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ ಮಾಡುವ ಬ್ಲಾಕುಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದರು. ಶೇಕಡಾ 6ರಷ್ಟು ಸಿಮೆಂಟ್ ಇರುವ ಇಂಥ ಬ್ಲಾಕಿಗೆ, ಅಷ್ಟೇ ಗಾತ್ರದ ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯ ಸುಮಾರು ಕಾಲುಭಾಗ ಸಾಕೆಂದು ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೆಕ್ಕ ಕೊಟ್ಟಿದ್ದಾರೆ.

ನಿಮ್ಮ ಜಾಗದ ಮಣ್ಣು ಇದಕ್ಕೆ ಒದಗುವುದೇ ಎಂಬುದನ್ನು ಮನೆಯಲ್ಲಿಯೇ ಅಂದಾಜು ಮಾಡಬಹುದು. ಬೇರು, ಎಲೆಗೊಬ್ಬರ ಇರುವ ಮೇಲಿನ ಒಂದು ಅಡಿ ಮಣ್ಣನ್ನು ತೋಟಕ್ಕೆ ಬಿಟ್ಟು, ಅದರ ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ತುಂಬಿ, ನೀರು ಹಾಕಿ, ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಾಡಿಸದೆ ಇಡಿ. ತಳದಲ್ಲಿ ಮರಳು, ನಡುವೆ ನುಣ್ಣನೆಯ ಧೂಳು, ಮೇಲೆ ಜೇಡಿ ಪದರುಪದರಾಗಿ ಕೂರುತ್ತವೆ. ಮರಳು ಮೂರರಲ್ಲಿ ಎರಡು ಪಾಲಿನಷ್ಟಿದ್ದರೆ ಮಣ್ಣು ಯೋಗ್ಯ. ಜೇಡಿ ಹೆಚ್ಚಾಗಿದ್ದರೆ ಮರಳು ಅಥವಾ ಕಲ್ಲುಪುಡಿ ಸೇರಿಸಬೇಕು. ಅಡಿಪಾಯಕ್ಕೂ ನೀರಿನ ಸಂಪಿಗೂ ಅಗೆದ ಮಣ್ಣನ್ನೇ ಬಳಸಿದರೆ ಲಾರಿಯ ಮಾತೇ ಇಲ್ಲ. ಒತ್ತಿದ ಬ್ಲಾಕುಗಳನ್ನು ನೆರಳಿನಲ್ಲಿಟ್ಟು ಮೂರು ವಾರ ನೀರುಣಿಸಲೇಬೇಕು. ಈ ವಿದ್ಯೆಗೆ ಕೆಟ್ಟ ಹೆಸರು ತಂದದ್ದು ಬಹುಪಾಲು ಈ ನೀರುಣಿಸುವ ಹಂತದ ಅವಸರವೇ.

ನನ್ನ ಸಲಹೆ ಇಷ್ಟು: ಸಾಗರದ ಮಳೆಗೆ ಅಡಿಪಾಯವನ್ನು ಸೈಜುಗಲ್ಲಿನಲ್ಲಿ ಎರಡೂವರೆ ಅಡಿ ಎತ್ತರಿಸಿ, ತೇವ ಏರದಂತೆ ಪಟ್ಟಿ ಹಾಕಿ, ಕಿಟಕಿಯ ತಳದವರೆಗೆ ಜಂಬಿಟ್ಟಿಗೆ, ಅದರ ಮೇಲೆ ಮಣ್ಣಿನ ಬ್ಲಾಕ್. ಉದ್ದನೆಯ ಸೂರಿದ್ದರೆ ಎರಡಕ್ಕೂ ಹೊರಗಿನ ಗಿಲಾವು ಬೇಕಾಗುವುದಿಲ್ಲ. ಸಿಮೆಂಟ್ ಬ್ಲಾಕನ್ನು ನಾನು ಕೊನೆಯ ಆಯ್ಕೆಯಾಗಿ ಇಡುತ್ತೇನೆ.

ಪ್ರಶ್ನೆ: ಹಂಚಿನ ಮಾಡೇ ಒಳ್ಳೆಯದೆಂದು ನೀವು ಬರೆಯುತ್ತೀರಿ. ಆದರೆ ಮಂಗಗಳ ಹಿಂಡು ಬಂದರೆ ಒಂದೇ ದಿನಕ್ಕೆ ಐವತ್ತು ಹಂಚು ಪುಡಿಯಾಗುತ್ತವೆ. ಪ್ರತಿ ವರ್ಷ ಹಂಚು ಕೈಯಾಡಿಸಲು ಜನವೂ ಸಿಗುವುದಿಲ್ಲ. ತಗಡಿನ ಶೀಟು ಹಾಕಿಸಿದರೆ ತಪ್ಪೇ? — ಸೊರಬ ತಾಲೂಕು

ಉತ್ತರ: ತಪ್ಪಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಮಲೆನಾಡಿನ ಸೋಗೆಯ ಮಾಡುಗಳನ್ನು ಕಾಲಕ್ರಮದಲ್ಲಿ ಬದಲಿಸಿತು. ಆಗಲೂ ಜನ ಹೊಸ ವಸ್ತುವನ್ನು ಒಪ್ಪಿಕೊಂಡದ್ದು ವರ್ಷವರ್ಷವೂ ಹೊದಿಸುವ ಕಷ್ಟ ತಪ್ಪಿತೆಂಬ ಕಾರಣಕ್ಕೆ. ಮಂಗಗಳು ಕಾಡು ಬಿಟ್ಟು ಮನೆಯ ಮೇಲೆ ಬರುವಂತಾದುದಕ್ಕೆ ಒಂಟಿ ಮನೆಯವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಶೀಟು ಹಾಕಿಸುವುದಾದರೆ ತೆಳುವಾದುದನ್ನು ಆರಿಸಬೇಡಿ, ಅದರ ಕೆಳಗೆ ಕನಿಷ್ಠ ಒಂದು ಅಡಿ ಗಾಳಿಯಾಡುವ ಜಾಗ ಬಿಟ್ಟು ಹಲಗೆಯದೋ ಬಿದಿರಿನದೋ ಮುಚ್ಚಿಗೆ ಕೊಡಿ. ಬೇಸಿಗೆಯ ಕಾವೂ ಮಳೆಯ ಸದ್ದೂ ತಗ್ಗುತ್ತವೆ. ಹಂಚನ್ನು ಹೊರುವ ಮರಗಳಾದ ಪಕಾಸಿ, ರೀಪುಗಳು ಗಟ್ಟಿಯಿದ್ದರೆ ಹಳೆಯ ಹಂಚನ್ನು ಬಿಸಾಡದೆ ಶೀಟಿನ ಕೆಳಗೇ ಉಳಿಸಿಕೊಂಡವರೂ ಇದ್ದಾರೆ. ನಾನು ಒಂದನ್ನು ಮಾತ್ರ ಬೇಡವೆನ್ನುತ್ತೇನೆ: ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟು. ಅದನ್ನು ಕತ್ತರಿಸುವಾಗ, ಕೊರೆಯುವಾಗ, ಒಡೆದಾಗ ಏಳುವ ಎಳೆಗಳು ಶ್ವಾಸಕೋಶಕ್ಕೆ ಮಾರಕ.

ಪ್ರಶ್ನೆ: 30×40 ನಿವೇಶನದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ತಾರಸಿ ಮನೆ ನಮ್ಮದು. ಏಪ್ರಿಲಿನಲ್ಲಿ ಮಹಡಿಯ ಕೋಣೆ ರಾತ್ರಿ ಹನ್ನೆರಡಾದರೂ ಆರುವುದಿಲ್ಲ. ಎ.ಸಿ. ಇಲ್ಲದೆ ತಂಪು ಮಾಡಬಹುದೇ? ಪಕ್ಕದಲ್ಲಿ ತಮ್ಮನೂ ಮನೆ ಕಟ್ಟಲಿದ್ದಾನೆ. — ಶಿವಮೊಗ್ಗ ನಗರ

ಉತ್ತರ: ನಿಮ್ಮ ತಲೆಯ ಮೇಲಿರುವ ಐದು ಇಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಕುಡಿದು ರಾತ್ರಿ ಕೋಣೆಯೊಳಕ್ಕೆ ಬಿಡುತ್ತಿದೆ. ಆದ್ದರಿಂದ ಬಿಸಿಲು ಸ್ಲ್ಯಾಬನ್ನು ಮುಟ್ಟದಂತೆ ಮಾಡುವುದೇ ಮೊದಲ ಕೆಲಸ. ಕಡಿಮೆ ಖರ್ಚಿನದು ಪ್ರತಿ ಬೇಸಿಗೆಗೆ ಮುಂಚೆ ತಾರಸಿಗೆ ದಪ್ಪವಾಗಿ ಸುಣ್ಣ ಬಳಿಯುವುದು; ಒಮ್ಮೆಗೇ ಮುಗಿಸಬೇಕೆಂದರೆ ಬಿಳಿ ಟೈಲ್ಸ್ ಚೂರುಗಳನ್ನು ಹಾಸುವುದು. ನಮ್ಮ ಜಿಲ್ಲೆಯಲ್ಲಿ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟಿನ ಮಾಡು ಹೊದಿಸುವ ರೂಢಿಯನ್ನು ಕೆಲವು ಆರ್ಕಿಟೆಕ್ಟರು ಅಂದಗೇಡಿಯೆಂದು ಹಳಿಯುತ್ತಾರೆ. ನಾನು ಹಳಿಯಲಾರೆ. ಸಪಾಟು ತಾರಸಿ ಈ ಮಳೆಗೆ ಸೋರುತ್ತದೆಂದು ಅನುಭವದಿಂದ ತಿಳಿದ ಜನ, ತಾವೇ ಮಾಡಿಕೊಂಡ ತಿದ್ದುಪಡಿ ಅದು: ಸೋರಿಕೆ ನಿಲ್ಲುತ್ತದೆ, ನಡುವಿನ ಗಾಳಿ ಕಾವನ್ನು ತಡೆಯುತ್ತದೆ, ಬಟ್ಟೆ ಒಣಗಿಸಲು ಮಳೆಗಾಲದಲ್ಲಿಯೂ ಜಾಗವಾಗುತ್ತದೆ. ಸಾಧ್ಯವಿದ್ದರೆ ಆ ಮಾಡನ್ನು ಗೋಡೆಯಿಂದ ಮೂರು ಅಡಿ ಹೊರಗೆ ಚಾಚಿ.

ಪಶ್ಚಿಮದ ಸಂಜೆಬಿಸಿಲು ಓರೆಯಾಗಿ ಬರುವುದರಿಂದ ಕಿಟಕಿಯ ಮೇಲಿನ ಸಜ್ಜಾ ಅದನ್ನು ತಡೆಯಲಾರದು. ಕಿಟಕಿಯ ಹೊರಗೆ ಬಿದಿರಿನ ಪರದೆ ಇಳಿಬಿಡಿ. ಒಳಗಿನ ಪರದೆಯಾದರೆ ಕಾವು ಆಗಲೇ ಗಾಜು ದಾಟಿ ಬಂದಿರುತ್ತದೆ.

ತಮ್ಮನವರ ಮನೆಯಲ್ಲಿ ಮೆಟ್ಟಿಲು, ಬಚ್ಚಲು, ಉಗ್ರಾಣಗಳು ಪಶ್ಚಿಮಕ್ಕಿರಲಿ, ಮಲಗುವ ಕೋಣೆಗಳು ಪೂರ್ವಕ್ಕೆ, ಎದುರುಬದುರು ಕಿಟಕಿಗಳಿರಲಿ. ತಾರಸಿ ಬೇಕೇಬೇಕೆಂದಾದರೆ ಫಿಲ್ಲರ್ ಸ್ಲ್ಯಾಬ್ ಬಗ್ಗೆ ಎಂಜಿನಿಯರರನ್ನು ಕೇಳಲಿ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ಹೊರುವುದು ಕಬ್ಬಿಣವೇ ಹೊರತು ಅಲ್ಲಿನ ಕಾಂಕ್ರೀಟಲ್ಲ; ಆ ಜಾಗದಲ್ಲಿ ಕಂಬಿಗಳ ನಡುವೆ ಹಳೆಯ ಮಂಗಳೂರು ಹಂಚುಗಳನ್ನು ಕವುಚಿ ಹಾಕಿದರೆ ಸಿಮೆಂಟೂ ಕಬ್ಬಿಣವೂ ಉಳಿಯುತ್ತವೆ, ಒಳಗಿನ ಗಾಳಿ ಕಾವನ್ನೂ ತಡೆಯುತ್ತದೆ. ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಇದನ್ನೂ, ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಕಟ್ಟಡವನ್ನೂ ಬಡವರ ಮನೆಗಳಿಂದ ಹಿಡಿದು ದೊಡ್ಡ ಸಂಸ್ಥೆಗಳವರೆಗೆ ಬಳಸಿ ತೋರಿಸಿದರು. ಆ ಕಟ್ಟಡದಲ್ಲಿ ಇಟ್ಟಿಗೆಯ ಕಾಲುಭಾಗದಷ್ಟು ಉಳಿತಾಯವಾಗುತ್ತದೆ. ಬಿಡುವಾದಾಗ ಇಬ್ಬರೂ ನಿಮ್ಮ ನಗರದಲ್ಲಿರುವ ಶಿವಪ್ಪನಾಯಕ ಅರಮನೆಗೆ ನಡುಮಧ್ಯಾಹ್ನ ಹೋಗಿ, ಮರದ ಕಂಬಗಳ ಆ ಎತ್ತರದ ಹಜಾರದಲ್ಲಿ ಹತ್ತು ನಿಮಿಷ ನಿಂತು ಬನ್ನಿ.

ಪ್ರಶ್ನೆ: ಜೂನ್‌ನಿಂದ ಅಕ್ಟೋಬರ್‌ವರೆಗೆ ಬಾವಿಯ ನೀರನ್ನು ಬಗ್ಗಿ ತೆಗೆಯಬಹುದು, ಏಪ್ರಿಲಿನಲ್ಲಿ ತಳ ಕಾಣುತ್ತದೆ. ಮಾಡಿನ ನೀರನ್ನು ಬಾವಿಗೆ ಬಿಟ್ಟರೆ ಪ್ರಯೋಜನವಾದೀತೇ? — ಹೊಸನಗರ ತಾಲೂಕು

ಉತ್ತರ: ಮೊದಲು ಲೆಕ್ಕ ನೋಡೋಣ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಡು 100 ಚದರ ಮೀಟರ್, ಮಳೆ 2,500 ಮಿಲಿಮೀಟರ್ ಎಂದಿಟ್ಟುಕೊಂಡರೆ ಎರಡೂವರೆ ಲಕ್ಷ ಲೀಟರ್. ಚೆಲ್ಲಿದ್ದು, ಆವಿಯಾದದ್ದು ಕಳೆದು ಎರಡು ಲಕ್ಷ ಲೀಟರ್ ಕೈಗೆ ಸಿಗುತ್ತದೆ. ಐದು ಜನರ ಮನೆಗೆ ದಿನಕ್ಕೆ 500 ಲೀಟರಿನಂತೆ ಇದು ವರ್ಷಕ್ಕೂ ಮಿಗುತ್ತದೆ.

ಆದರೆ ಲೆಕ್ಕದಂತೆ ನೆಲ ನಡೆಯುವುದಿಲ್ಲ. ನಮ್ಮ ಕೆಂಪುಕಲ್ಲಿನ ನೆಲ ಜರಡಿಯಂಥದು. ಜುಲೈಯಲ್ಲಿ ಬಾವಿಗೆ ಬಿಟ್ಟ ನೀರಿನ ಬಹುಪಾಲು ಇಳಿಜಾರಿನಲ್ಲಿ ಸರಿದು ಜನವರಿಯೊಳಗೆ ಹಳ್ಳ ಸೇರಿರುತ್ತದೆ. ತುಂಬಿದ ಬಾವಿಗೆ ಮಳೆಗಾಲದ ನಡುವೆ ನೀರು ಬಿಡುವುದರಿಂದ ಹೆಚ್ಚಿನ ಫಲವಿಲ್ಲ. ಸೆಪ್ಟೆಂಬರ್, ಅಕ್ಟೋಬರಿನ ಕೊನೆಯ ಮಳೆಗಳ ನೀರನ್ನೂ ಮಾರ್ಚ್ ನಂತರದ ಅಡ್ಡಮಳೆಗಳ ನೀರನ್ನೂ ತಪ್ಪದೆ ಇಂಗಿಸಿ. ಮರಳು, ಇದ್ದಿಲು, ಜಲ್ಲಿಯ ಸೋಸುಗುಂಡಿಯನ್ನು ದಾಟಿಯೇ ಅದು ಬಾವಿಗೆ ಇಳಿಯಬೇಕು. ಇದಕ್ಕಿಂತ ಖಚಿತವಾದ ದಾರಿ ಕುಡಿಯಲು ಮತ್ತು ಅಡುಗೆಗೆ ಮಾತ್ರ ಮುಚ್ಚಿದ ತೊಟ್ಟಿಯೊಂದನ್ನು ಕಟ್ಟಿಸುವುದು. ಐದು ಜನರಿಗೆ ದಿನಕ್ಕೆ 50 ಲೀಟರಿನಂತೆ ಮೂರು ತಿಂಗಳಿಗೆ 4,500 ಲೀಟರ್ ಸಾಕು. ತಂತಿಬಲೆಗೆ ಸಿಮೆಂಟ್ ಗಾರೆ ಮೆತ್ತಿ ಮಾಡುವ, ಫೆರೋಸಿಮೆಂಟ್ ಎನ್ನುವ 10,000 ಲೀಟರಿನ ತೊಟ್ಟಿಯಿದ್ದರೆ ನೆಂಟರಿಗೂ ಆಗುತ್ತದೆ. ವರ್ಷದ ಮೊದಲ ಎರಡು ಮೂರು ಮಳೆಗಳ ನೀರನ್ನು ತೊಟ್ಟಿಗೆ ಬಿಡಬೇಡಿ, ಮಾಡಿನ ಕಸವೆಲ್ಲ ಅದರಲ್ಲಿರುತ್ತದೆ.

ಪ್ರಶ್ನೆ: ಗುಡ್ಡದ ಪಕ್ಕದಲ್ಲಿ ಜಾಗವಿದೆ. ಜೆಸಿಬಿಯಿಂದ ಹದಿನೈದು ಅಡಿ ಕಡಿದರೆ ಸಮತಟ್ಟಾದ ನಿವೇಶನ ಸಿಗುತ್ತದೆ ಎನ್ನುತ್ತಾರೆ. ಹಿಂದೆ ಉಳಿಯುವ ಕಡಿದಾದ ಮಣ್ಣಿನ ಧರೆಗೆ ಕಾಂಕ್ರೀಟ್ ಗೋಡೆ ಕಟ್ಟಿದರೆ ಸಾಕೇ? — ನಗರ ಹೋಬಳಿ

ಉತ್ತರ: ಸಾಲದು. ನಾನು ಇದನ್ನು ಯಾರ ಮನಸ್ಸನ್ನೂ ನೋಯಿಸಲು ಹೇಳುತ್ತಿಲ್ಲ: ಹದಿನೈದು ಅಡಿ ಕಡಿದ ಧರೆಯ ಬುಡದಲ್ಲಿ ಮಲಗುವ ಕೋಣೆ ಕಟ್ಟಬೇಡಿ. ಗುಡ್ಡದ ಮಣ್ಣು ತನ್ನ ಇಳಿಜಾರನ್ನು ಸಾವಿರಾರು ಮಳೆಗಾಲಗಳಲ್ಲಿ ತಾನೇ ಹೊಂದಿಸಿಕೊಂಡಿರುತ್ತದೆ. ಅದರ ಪಾದವನ್ನು ಕಡಿದಾಗ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಎಡೆಬಿಡದ ಮಳೆಯಲ್ಲಿ ಮಣ್ಣಿನೊಳಗೆ ನೀರು ತುಂಬಿ ಕಣಕಣಗಳ ಹಿಡಿತ ಸಡಿಲವಾದಾಗ ಅದು ಒಮ್ಮೆಲೇ ಜಾರುತ್ತದೆ. ಕಾಂಕ್ರೀಟ್ ಗೋಡೆಯ ಹಿಂದೆ ನೀರು ಹೊರಹೋಗಲು ತೂತುಗಳಿಲ್ಲದಿದ್ದರೆ ಆ ನೀರಿನ ಒತ್ತಡವೇ ಗೋಡೆಯನ್ನು ದೂಡುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಹೆದ್ದಾರಿಯಲ್ಲಿ ನಡೆದ ಗುಡ್ಡಕುಸಿತಗಳನ್ನು ನಾವೆಲ್ಲರೂ ನೋಡಿದ್ದೇವೆ.

ಹಳೆಯ ಮನೆಗಳು ಇಳಿಜಾರನ್ನು ಕಡಿಯದೆ ಅದನ್ನು ಅನುಸರಿಸಿ, ಕೊಟ್ಟಿಗೆ ಒಂದು ಮಟ್ಟದಲ್ಲಿ, ಮನೆ ಇನ್ನೊಂದು ಮಟ್ಟದಲ್ಲಿ ಕಟ್ಟಿದವು. ನೀವೂ ಮನೆಯನ್ನು ಎರಡು ಮೂರು ಮಟ್ಟಗಳಾಗಿ ಒಡೆಯಿರಿ, ಒಂದೊಂದು ಕಡಿತವೂ ನಾಲ್ಕು ಅಡಿಯನ್ನು ಮೀರದಿರಲಿ. ಮೇಲುಭಾಗದಲ್ಲಿ ಮಳೆನೀರನ್ನು ಮನೆಯ ಪಕ್ಕಕ್ಕೆ ತಿರುಗಿಸಿ ಸಾಗಿಸುವ ಕಾಲುವೆ ಮೊದಲು ಆಗಲಿ, ಮನೆ ಆಮೇಲೆ. ಹಿಂದಿನ ಉತ್ತರದಲ್ಲಿ ನೀರಿಂಗಿಸುವ ಮಾತು ಬಂದಿದೆ. ಮನೆಯ ಮೇಲ್ಭಾಗದ ಕಡಿದಾದ ಗುಡ್ಡದಲ್ಲಿ ಇಂಗುಗುಂಡಿ ತೋಡಲೇಬಾರದು.

ಪ್ರಶ್ನೆ: ನಾಲ್ಕು ತಿಂಗಳು ಸೂರ್ಯನೇ ಕಾಣದ ನಮ್ಮೂರಿಗೆ ಸೌರವಿದ್ಯುತ್ ದಂಡವಲ್ಲವೇ? — ಆಗುಂಬೆ ಹತ್ತಿರ

ಉತ್ತರ: ಬ್ಯಾಟರಿಯನ್ನೇ ನಂಬಿದರೆ ಮಳೆಗಾಲದಲ್ಲಿ ನಿರಾಶೆ ಖಂಡಿತ. ಮೆಸ್ಕಾಂನ ವಿದ್ಯುತ್ ಜಾಲಕ್ಕೆ ಜೋಡಿಸಿದರೆ ಬೇಸಿಗೆಯಲ್ಲಿ ಕೊಟ್ಟದ್ದು ಲೆಕ್ಕಕ್ಕೆ ಸೇರುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಮರದ ನೆರಳಿದ್ದರೆ ಅದಕ್ಕಾಗಿ ಮರ ಕಡಿಯಬೇಡಿ. ಸ್ನಾನದ ನೀರಿಗೆ ಅಡಿಕೆ ಸಿಪ್ಪೆಯ ಒಲೆ, ಅಡುಗೆಗೆ ಕೊಟ್ಟಿಗೆಯಿದ್ದವರಿಗೆ ಗೋಬರ್ ಗ್ಯಾಸ್ ನಿಮ್ಮೂರಿಗೆ ಹೆಚ್ಚು ಹೊಂದುತ್ತವೆ.

ಪ್ರಶ್ನೆ: ನಾನು ಮೂವತ್ತು ವರ್ಷಗಳಿಂದ ಗಾರೆ ಕೆಲಸ ಮಾಡುತ್ತಿದ್ದೇನೆ. ನಮ್ಮ ತಂದೆ ಸುಣ್ಣದ ಗಾರೆ ಮಾಡುತ್ತಿದ್ದರು, ನಾನು ಕಲಿತದ್ದು ಸಿಮೆಂಟ್ ಮಾತ್ರ. ಈಗ ಕೆಲವರು ಸುಣ್ಣವನ್ನೇ ಕೇಳುತ್ತಿದ್ದಾರೆ. ಈ ವಯಸ್ಸಿನಲ್ಲಿ ಕಲಿಯಬಹುದೇ? — ರಿಪ್ಪನ್‌ಪೇಟೆ

ಉತ್ತರ: ಖಂಡಿತ ಕಲಿಯಬಹುದು, ಮೇಸ್ತ್ರಿಗಳೇ; ಕರಣೆ ಹಿಡಿದ ಕೈಗೆ ಅರ್ಧ ವಿದ್ಯೆ ಆಗಲೇ ಬಂದಿದೆ. ಉಳಿದರ್ಧ ತಾಳ್ಮೆ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸುವಾಗ ಅದು ಕೊತಕೊತ ಕುದಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಹತ್ತಿರ ಹೋಗಬೇಡಿ, ಸುಣ್ಣಕ್ಕೆ ನೀರು ಸುರಿಯದೆ ನೀರಿಗೇ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ ಮೂರು ವಾರ ಮುಚ್ಚಿಡಿ. ಎಷ್ಟು ದಿನ ಕೊಳೆತರೆ ಅಷ್ಟು ಬೆಣ್ಣೆಯಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಮಳೆ ಬಡಿಯುವ ಗೋಡೆಗೆ ಮರಳಿನಲ್ಲಿ ಒಂದು ಪಾಲನ್ನು ಬಿಟ್ಟು ಇಟ್ಟಿಗೆಯ ಪುಡಿ ಬೆರೆಸಿ. ಹಿಂದಿನವರು ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಸೇರಿಸುತ್ತಿದ್ದರು. ನಿಮ್ಮ ತಂದೆಯವರ ಜೊತೆ ಕೆಲಸ ಮಾಡಿದ ಹಿರಿಯರು ಯಾರಾದರೂ ಇದ್ದರೆ ಅವರ ಅಳತೆಯನ್ನು ಇಂದೇ ಹೋಗಿ ಕೇಳಿ ಬರೆದಿಟ್ಟುಕೊಳ್ಳಿ.

ಸಿಮೆಂಟಿನಂತೆ ಒಂದೇ ಸಲ ದಪ್ಪವಾಗಿ ಬಡಿಯಬೇಡಿ. ತೆಳು ಪದರು ಕೊಟ್ಟು, ಅದು ಬಿಗಿದ ಮೇಲೆ ಇನ್ನೊಂದು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುವುದರಿಂದ ಒಂದೆರಡು ವಾರ ಒದ್ದೆ ಗೋಣಿಯ ನೆರಳು ಬೇಕು, ಮತ್ತು ಹೊರಗೋಡೆಯ ಕೆಲಸ ಶಿವರಾತ್ರಿಯೊಳಗೆ ಮುಗಿದು ಮಳೆಗೆ ಮುನ್ನ ಮೂರು ತಿಂಗಳು ಸಿಗಬೇಕು. ಮೊದಲು ನಿಮ್ಮ ಮನೆಯ ಹಿತ್ತಿಲಿನ ಒಂದು ಗೋಡೆಯ ಮೇಲೆ ಮಾಡಿ ನೋಡಿ, ಬಿರುಕು ಬಿಟ್ಟರೆ ಮರಳನ್ನು ಹೆಚ್ಚಿಸಿ, ಪುಡಿ ಉದುರಿದರೆ ಸುಣ್ಣವನ್ನು ಹೆಚ್ಚಿಸಿ. ಈ ಪುಟದ ಮೊದಲ ಪತ್ರ ಬರೆದ ತೀರ್ಥಹಳ್ಳಿ ತಾಲೂಕಿನ ಓದುಗರಿಗೆ ದೀಪಾವಳಿಯ ನಂತರ ಇಂಥ ಕೈಯೇ ಬೇಕಾಗುತ್ತದೆ. ನೀವು ಒಪ್ಪುವುದಾದರೆ ಒಂದು ಸಾಲು ಬರೆದು ತಿಳಿಸಿ. ನಿಮ್ಮ ವಿಳಾಸವನ್ನು ಅವರಿಗೆ ಕಳುಹಿಸುತ್ತೇನೆ.